ನಿಮ್ಮ ಹಲ್ಲಿಯ ಬಗ್ಗೆ ಹತ್ತು ವಾಕ್ಯ

ಹಳೆಯ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ಹುಡುಕುತ್ತಿದ್ದೆ. ಅದು ಸಿಗಲಿಲ್ಲ, ಕಟ್ಟಿಗೆಯ ಮುಚ್ಚಳವೊಂದು ಸಿಕ್ಕಿತು. ನೀವು ಟೈಪಿಂಗ್ ಕಲಿತವರಾಗಿದ್ದರೆ ನಿಮಗೂ ನೆನಪಿದ್ದೀತು. ಯಂತ್ರದ ಕೀಲಿಗಳ ಮೇಲೆ ಇದನ್ನು ಕವುಚಿ ಇಡುತ್ತಿದ್ದೆವು. ಕಲಿಯುವವರು ಕೈಗಳನ್ನು ಅದರ ಕೆಳಗೆ ತೂರಿಸಿ ಅಕ್ಷರ ಹೊಡೆಯಬೇಕು. ಬೆರಳು ಎಲ್ಲಿದೆ ಎಂದು ಇಣುಕಿ ನೋಡುವ ದಾರಿಯೇ ಇಲ್ಲ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟೈಪಿಂಗ್ ಶಾಲೆ ನಡೆಸಿದವನು ನಾನು. ಇಂಥ ಮುಚ್ಚಳಗಳು ನನ್ನಲ್ಲಿ ಹನ್ನೆರಡು ಇದ್ದವು. ಹನ್ನೊಂದನ್ನು ಎಸೆದಿದ್ದೇನೆ. ಇದೊಂದು ಹೇಗೆ ಉಳಿಯಿತೋ ತಿಳಿಯದು.

ಎಸೆಯುವುದು ನನ್ನ ಚಟ. ಹೊಸದು ಮನೆಗೆ ಬಂದರೆ ಹಳೆಯದು ಅದೇ ಸಂಜೆ ಹೊರಗೆ. ಹೊಸ ಪಂಚಾಂಗ ಗೋಡೆಗೆ ಏರಿದ ಕೂಡಲೇ ಹಳೆಯದು ಒಲೆಗೆ. ನನ್ನ ಹೆಂಡತಿ ಶಕುಂತಲಾ ಒಮ್ಮೆ ಬೆಂಗಳೂರಿನಿಂದ ಬಂದ ಹೊಸ ಚಪ್ಪಲಿಯನ್ನು ಪೆಟ್ಟಿಗೆ ಸಮೇತ ಬಚ್ಚಿಟ್ಟಿದ್ದಳು. ಕೇಳಿದರೆ, “ಹಳೇವು ಇನ್ನೂ ಚಲೋ ಅದಾವ್ರಿ, ನಿಮಗ ಗೊತ್ತಾದ್ರ ಗಟಾರಕ್ಕ ಒಗೀತೀರಿ” ಎಂದಳು. ಲಿನಕ್ಸಿನ ಹಳೆಯ ಆವೃತ್ತಿಯಿದ್ದ ಆ ಡಿಸ್ಕನ್ನೂ ನಾನೇ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದ್ದೆ. ಅದು ಗೊತ್ತಿದ್ದೂ ಪೆಟ್ಟಿಗೆ ಕೆದಕುತ್ತಿದ್ದೆನೆಂದರೆ ನನ್ನ ಸಿಟ್ಟು ಎಷ್ಟಿತ್ತೆಂದು ಲೆಕ್ಕ ಹಾಕಿಕೊಳ್ಳಿ. ಈ ಸಿಟ್ಟಿನಲ್ಲಿ ನನ್ನ ಪಾಲೂ ಇದೆ, ದೂರದ ಕೆಲವರ ಪಾಲೂ ಇದೆ. ಇವತ್ತು ಅವರವರ ಪಾಲು ಅವರವರಿಗೆ ಮುಟ್ಟಿಸಿಯೇ ಏಳುತ್ತೇನೆ.

ಲಿನಕ್ಸ್ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಗಣಕಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ಸಾಮಾನ್ಯವಾಗಿ ಕಂಪನಿಗಳು ಮಾರುತ್ತವೆ. ಲಿನಕ್ಸನ್ನು ಲೋಕದ ನಾನಾ ಕಡೆಯ ಜನ ಸೇರಿ ಮಾಡಿ, ಯಾರು ಬೇಕಾದರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ ಎಂದು ಬಿಟ್ಟಿದ್ದಾರೆ. ನಾನು ಅದಕ್ಕೆ ಬಂದದ್ದು ಕದ್ದ ತಂತ್ರಾಂಶ ಬಳಸಬಾರದೆಂಬ ಹಟಕ್ಕೆ. ಟೈಪಿಂಗ್ ಶಾಲೆ ಮುಚ್ಚಿದ ಮೇಲೆ ಅದೇ ಕೋಣೆಯಲ್ಲಿ, ಅದೇ ಬೆಂಚುಗಳ ಮೇಲೆ, ವಿಜಯಪುರದ ಲಿನಕ್ಸ್ ಬಳಗ ಕಟ್ಟಿದೆ. ನಾವು ಹನ್ನೊಂದು ಜನ. ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಸಭೆ. ಏಳು ಮೂವತ್ತೆರಡಕ್ಕೆ ಬಂದವರ ಹೆಸರಿನ ಮುಂದೆ ಕೆಂಪು ಗೆರೆ.

ಕೆಂಪು ಗೆರೆ ಅತಿ ಹೆಚ್ಚು ಇರುವುದು ತಿಕೋಟದ ಈರಪ್ಪನ ಹೆಸರಿನ ಮುಂದೆ. ದ್ರಾಕ್ಷಿ ಒಣಗಿಸುವ ಶೆಡ್ಡಿನ ಮಾಲೀಕ, ವಯಸ್ಸು ಐವತ್ತು ದಾಟಿದೆ. ಅವನ ಲ್ಯಾಪ್‌ಟಾಪ್ ತೆರೆದರೆ ಕೀಲಿಗಳ ಸಂದಿಯಿಂದ ಒಣದ್ರಾಕ್ಷಿಯ ತೊಟ್ಟು ಉದುರುತ್ತವೆ. “ಶಿಸ್ತು ಬೇಕಾದ್ರ ಪೊಲೀಸ್ ಆಗತಿದ್ದೆ ಮಾಸ್ತರ, ಮಣೂಕ ಯಾಕ ಮಾರ್ತಿದ್ದೆ?” ಎಂಬುದು ಅವನ ಸಿದ್ಧ ಉತ್ತರ. ಮಣೂಕ ಎಂದರೆ ಒಣದ್ರಾಕ್ಷಿ.

ಒಂದೇ ಒಂದು ಕೆಂಪು ಗೆರೆಯೂ ಇಲ್ಲದವರು ಸುಜಾತಾ. ಬಬಲೇಶ್ವರದ ಕಡೆಯ ಒಂದು ಶಾಲೆಯಲ್ಲಿ ಏಳನೇ ತರಗತಿಗೆ ಕನ್ನಡ ಕಲಿಸುತ್ತಾರೆ. ಹುಟ್ಟಿನಿಂದ ಕಣ್ಣು ಕಾಣದು. ಬೆಳಿಗ್ಗೆ ಆರರ ಬಸ್ಸು ಹಿಡಿದು ಏಳೂಕಾಲಕ್ಕೆ ನನ್ನ ಬಾಗಿಲಲ್ಲಿ ಇರುತ್ತಾರೆ. ಅವರಿಗೆ ಟೈಪಿಂಗ್ ಕಲಿಸಿದವನು ನಾನೇ, ಶಾಲೆಯ ಕೊನೆಯ ವರ್ಷಗಳಲ್ಲಿ. ಮೊದಲ ದಿನ ಅಭ್ಯಾಸಬಲದಿಂದ ಅವರ ಯಂತ್ರದ ಮೇಲೂ ಮುಚ್ಚಳ ತಂದು ಇಟ್ಟೆ. ಕೈಯಿಂದ ಮುಟ್ಟಿ ನೋಡಿ, “ಇದು ಯಾರಿಗ್ರೀ ಸರ್, ನನಗೋ, ನಿಮಗೋ?” ಎಂದರು. ಇಡೀ ಕ್ಲಾಸು ನಕ್ಕಿತು. ನಾನು ನಗಲಿಲ್ಲ. ಕ್ಲಾಸಿನಲ್ಲಿ ನಗುವ ಪದ್ಧತಿ ಇರಲಿಲ್ಲ.

ಅವರ ಲ್ಯಾಪ್‌ಟಾಪಿನಲ್ಲಿ ಪರದೆ ಓದುವ ತಂತ್ರಾಂಶವಿದೆ. ಒತ್ತಿದ ಅಕ್ಷರವನ್ನೂ ಬರೆದ ಸಾಲನ್ನೂ ಅದು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತದೆ. ದನಿ ಮಾತ್ರ ತಗಡು ಬಡಿದಂತೆ. ಅದಕ್ಕೇ ಸುಜಾತಾ ಅದಕ್ಕೆ ತಗಡಪ್ಪ ಎಂದು ಹೆಸರಿಟ್ಟಿದ್ದಾರೆ. ತಗಡಪ್ಪ ಬಂದ ಮೇಲೆ ಅವರು ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಇದು ಸಣ್ಣ ಮಾತಲ್ಲ. ಅವರ ಹೆಡ್‌ಮಾಸ್ತರರು ಹಿಂದೆ ಅವರಿಂದ ಏಳನೇ ತರಗತಿಯನ್ನು ತೆಗೆದು ಗ್ರಂಥಾಲಯದ ಕೋಣೆಯಲ್ಲಿ ಕೂರಿಸಲು ನೋಡಿದ್ದರು. ಓದಲಾಗದ ಪುಸ್ತಕಗಳ ನಡುವೆ ಒಂದು ಕುರ್ಚಿ! ಎರಡು ವರ್ಷ ಜಗಳಾಡಿ ತರಗತಿ ಉಳಿಸಿಕೊಂಡರು. ಒಂದು ಕರಾರಿನ ಮೇಲೆ: ಪ್ರಶ್ನೆಪತ್ರಿಕೆಯನ್ನು ಯಾರ ಕೈಯಿಂದಲೂ ಬರೆಸಬಾರದು, ತಾವೇ ಬರೆಯಬೇಕು.

ಈಗ ನನ್ನ ಪಾಲಿನ ತಪ್ಪಿಗೆ ಬರುತ್ತೇನೆ. ಅದಕ್ಕೆ ಮೊದಲು ಆ ತಪ್ಪನ್ನು ನಾನು ಎಲ್ಲಿ ಕಲಿತೆ ಎಂಬುದನ್ನು ಹೇಳಬೇಕು.

ನನ್ನ ಹುಟ್ಟೂರು ಅರಕೇರಿಯಿಂದ ನನ್ನನ್ನು ಹತ್ತನೆಯ ವಯಸ್ಸಿಗೆ ವಿಜಯಪುರದ ಒಂದು ಉಚಿತ ಬೋರ್ಡಿಂಗಿಗೆ ತಂದು ಬಿಟ್ಟರು. ಅಲ್ಲಿ ಬೇವಿನ ಮರಕ್ಕೆ ರೈಲು ಹಳಿಯ ತುಂಡು ಜೋತುಬಿಟ್ಟಿದ್ದರು. ನಮ್ಮ ಬಾಳೆಲ್ಲ ಅದರ ಸದ್ದಿನ ಮೇಲೆ. ನಾಲ್ಕೂವರೆಗೆ ಒಂದು ಪೆಟ್ಟು, ಎದ್ದು ನಿಲ್ಲಬೇಕು. ಐದಕ್ಕೆ ಎರಡು ಪೆಟ್ಟು, ಬಾವಡಿಯೆಂಬ ಮೆಟ್ಟಿಲುಬಾವಿಯ ತಣ್ಣೀರಲ್ಲಿ ಸ್ನಾನ. ಊಟಕ್ಕೆ ಮೂರು ಪೆಟ್ಟು. ಮೂರನೆಯ ಪೆಟ್ಟಿಗೆ ಊಟದ ಮನೆಯ ಬಾಗಿಲು ಹಾಕಬೇಕು, ಒಳಗಿದ್ದವರಿಗೆ ರೊಟ್ಟಿ, ಹೊರಗಿದ್ದವರಿಗೆ ಇಲ್ಲ. ಗೃಹಪತಿಗಳು “ಹೂಂ” ಎಂದ ಮೇಲೆ ಅರವತ್ತು ಕೈಗಳು ಒಮ್ಮೆಲೇ ರೊಟ್ಟಿ ಮುರಿಯುತ್ತಿದ್ದವು. ಅರವತ್ತು ರೊಟ್ಟಿ ಏಕಕಾಲಕ್ಕೆ ಮುರಿಯುವ ಸದ್ದು ಕೇಳಿದ್ದೀರಾ? ನಾನು ಅದಕ್ಕಿಂತ ಇಂಪಾದದ್ದನ್ನು ಈವರೆಗೆ ಕೇಳಿಲ್ಲ.

ಬಾಗಿಲು ಹಾಕುವ ಕೆಲಸ ನನ್ನದು. ನನ್ನಷ್ಟು ನಿಷ್ಠೆಯಿಂದ ಯಾರೂ ಹಾಕುತ್ತಿರಲಿಲ್ಲವೆಂದು ಆ ಕೆಲಸ ನನಗೆ ಸಿಕ್ಕಿತ್ತು. ನಮ್ಮಲ್ಲಿ ಸಂಗಪ್ಪ ಎಂಬವನಿದ್ದ, ಒಂದು ಕಾಲು ಸಣ್ಣದು. ಬಾವಡಿಯ ಮೆಟ್ಟಿಲು ಹತ್ತಿ ಬರುವುದು ಅವನಿಗೆ ತಡವಾಗುತ್ತಿತ್ತು. ಮೂರನೆಯ ಪೆಟ್ಟು ಬಿದ್ದಾಗ ಅವನು ಎಷ್ಟೋ ಸಲ ಅಂಗಳದ ನಡುವೆ ಇರುತ್ತಿದ್ದ, ಒದ್ದೆ ಪಂಚೆಯಲ್ಲಿ. ನಾನು ಅವನ ಮುಖ ನೋಡುತ್ತಲೇ ಬಾಗಿಲು ಹಾಕುತ್ತಿದ್ದೆ. ಅವನ ಮೇಲೆ ದ್ವೇಷವಿರಲಿಲ್ಲ. ಸಮಯಕ್ಕೆ ಸರಿಯಾಗಿ ಹಾಕಿದೆನಲ್ಲ ಎಂಬ ಹೆಮ್ಮೆ ಇತ್ತು.

ಆ ಬೋರ್ಡಿಂಗು ನನ್ನೊಳಗೆ ಹಾಗೇ ಉಳಿದಿದೆ. ನಮ್ಮ ಬಳಗದಲ್ಲಿ ತಿಂಗಳ ಮೊದಲ ಭಾನುವಾರ ಎಲ್ಲರ ಯಂತ್ರಗಳನ್ನೂ ಹೊಸ ಆವೃತ್ತಿಗೆ ಏರಿಸುವ ಪದ್ಧತಿ. ಅದನ್ನು ಮನೆಯಲ್ಲಿ ಒಬ್ಬೊಬ್ಬರೇ ಮಾಡಿಕೊಳ್ಳಬಹುದು. ನಾನು ಬಿಡುವುದಿಲ್ಲ. ಆಜ್ಞೆಯ ಸಾಲನ್ನು ಎಲ್ಲರೂ ಬರೆದು ಮುಗಿಸಬೇಕು, ಬಲಗೈಯ ಕಿರುಬೆರಳನ್ನು ಎಂಟರ್ ಕೀಲಿಯ ಮೇಲೆ ಇಡಬೇಕು, ನಾನು ಎಡಗೈಯ ಅಡಿಪಟ್ಟಿಯಿಂದ ಮೇಜಿಗೆ ಮೂರು ಸಲ ಹೊಡೆಯಬೇಕು. ಮೂರನೆಯ ಪೆಟ್ಟಿಗೆ ಹನ್ನೊಂದು ಎಂಟರ್ ಒಮ್ಮೆಲೇ.

ಆ ಭಾನುವಾರವೂ ಹೊಡೆದೆ. ಅದು ದೊಡ್ಡ ಆವೃತ್ತಿ. ಅದರ ಸುದ್ದಿಯನ್ನು ಹಿಂದಿನ ರಾತ್ರಿಯೇ ಓದಿದ್ದೆ: ಪರದೆಯ ಮೇಲೆ ಚಿತ್ರ ಬಿಡಿಸುವ ಹಳೆಯ ಏರ್ಪಾಡನ್ನು ಪೂರ್ತಿ ತೆಗೆದುಹಾಕಿದ್ದೇವೆ, ಇನ್ನು ಹೊಸದೊಂದೇ, ಎಂದು ಹೆಮ್ಮೆಯಿಂದ ಬರೆದಿದ್ದರು. ಹಳೆಯದನ್ನು ತೆಗೆದುಹಾಕುವವರನ್ನು ಕಂಡರೆ ನನಗೆ ಮೊದಲಿನಿಂದ ಗೌರವ. ಹಳೆಯ ಆವೃತ್ತಿಯ ಡಿಸ್ಕನ್ನು ಆ ರಾತ್ರಿಯೇ ಮುರಿದು ಹಾಕಿದ್ದೆ. ಬೆಳಿಗ್ಗೆ ಮೂರು ಪೆಟ್ಟು. ಹನ್ನೊಂದು ಎಂಟರ್. ಒಂಬತ್ತೂವರೆಯ ಹೊತ್ತಿಗೆ ಯಂತ್ರಗಳು ಒಂದೊಂದಾಗಿ ಎದ್ದವು. ಹತ್ತು ಯಂತ್ರ ಹೊಸ ಬಣ್ಣದಲ್ಲಿ ಹೊಳೆದವು. ಹನ್ನೊಂದನೆಯದೂ ಹೊಳೆಯಿತು. ಅದರಿಂದ ಸುಜಾತಾ ಅವರಿಗೆ ಏನು ಬಂತು?

“ಸರ್, ನಮ್ಮ ತಗಡಪ್ಪ ಮಾತಾಡವಲ್ಲ” ಎಂದರು.

“ಶಬ್ದ ಏರಿಸಿ ನೋಡ್ರಿ.”

“ಏರಿಸೇನ್ರಿ. ಹಾಡು ಹಾಡ್ತದ. ಮಾತು ಇಲ್ಲ.”

ಅವರು ಕೀಲಿಗಳನ್ನು ಒತ್ತುತ್ತಿದ್ದರು, ತಲೆ ಸ್ವಲ್ಪ ಬಗ್ಗಿಸಿ, ಪಕ್ಕದ ಕೋಣೆಯಿಂದ ಯಾರಾದರೂ ಓಗೊಡುತ್ತಾರೋ ಎಂದು ಕಾಯುವಂತೆ. ನಾನು ಮಧ್ಯಾಹ್ನದವರೆಗೆ ಕೂತೆ. ಕೊನೆಗೆ ತಿಳಿದದ್ದು ಇಷ್ಟು. ಹೊಸ ಏರ್ಪಾಡಿನಲ್ಲಿ ಒಂದು ತಂತ್ರಾಂಶ ಇನ್ನೊಂದರ ಕೀಲಿಗಳನ್ನು ಕದ್ದು ಕೇಳುವಂತಿಲ್ಲ. ಭದ್ರತೆಗಾಗಿ. ಒಳ್ಳೆಯದೇ. ಆದರೆ ಓದುವ ತಂತ್ರಾಂಶದ ಕೆಲಸವೇ ಕೇಳುವುದು! ಅದಕ್ಕೊಂದು ಬಾಗಿಲು ಬಿಡಬೇಕೆಂದು ಆವೃತ್ತಿ ಮಾಡಿದವರಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದಿದ್ದೂ ಮುಂದೆ ನೋಡೋಣ ಎಂದು ಬಿಟ್ಟಿದ್ದರು. ಹಳೆಯ ಆವೃತ್ತಿಗೆ ಮರಳೋಣವೆಂದರೆ ಅವರ ಜಾಲತಾಣದಿಂದ ಅದನ್ನು ತೆಗೆದಿದ್ದರು. ನನ್ನಲ್ಲಿ ಅದು ಎರಡು ತುಂಡಾಗಿತ್ತು.

ಸೋಮವಾರ ಸುಜಾತಾ ಫೋನು ಮಾಡಿದರು. “ಸರ್, ಶನಿವಾರ ಏಳನೇತ್ತೆ ಪರೀಕ್ಷಾ ಐತ್ರಿ. ಗುರುವಾರ ಪ್ರಶ್ನೆಪತ್ರಿಕೆ ಕೊಡಬೇಕು. ಹೆಡ್‌ಮಾಸ್ತರು ಕೇಳಾಕತ್ತಾರ. ಯಂತ್ರ ಕೆಟ್ಟೈತಿ ಅಂತ ಅಂದ್ರ ‘ಹೌದಲ್ಲಾ, ನಾ ಹೇಳಿದ್ದೆ’ ಅಂತಾರ. ಅದೊಂದು ಮಾತು ಕೇಳೂದು ಬ್ಯಾಡಾಗೈತ್ರಿ ನನಗ.”

ಮಂಗಳವಾರ ಬೆಳಿಗ್ಗೆ ಐದಕ್ಕೆ ಎದ್ದು ಆ ಆವೃತ್ತಿ ಮಾಡಿದವರ ಅಂತರ್ಜಾಲ ವೇದಿಕೆಯಲ್ಲಿ ದೂರು ಬರೆದೆ. ಆ ವೇದಿಕೆಗಳ ಪರಿಚಯ ನಿಮಗಿಲ್ಲದಿದ್ದರೆ ನೀವು ಪುಣ್ಯವಂತರು. ಮೊದಲ ಉತ್ತರ: “ನನ್ನಲ್ಲಿ ಸರಿಯಾಗಿ ನಡೆಯುತ್ತಿದೆ.” ಲೋಕದಲ್ಲಿ ಇದಕ್ಕಿಂತ ಸಿಟ್ಟು ಬರಿಸುವ ವಾಕ್ಯವಿಲ್ಲ. ನಿನ್ನಲ್ಲಿ ನಡೆಯುತ್ತಿದ್ದರೆ ನಾನೇಕೆ ನಿನ್ನ ಬಾಗಿಲಿಗೆ ಬರುತ್ತಿದ್ದೆ? ಹೊಟ್ಟೆನೋವೆಂದು ಹೋದವನಿಗೆ ವೈದ್ಯರು ತಮ್ಮ ಹೊಟ್ಟೆ ತಟ್ಟಿ ತೋರಿಸಿದಂತೆ. ಎರಡನೆಯವರು ಕೈಪಿಡಿ ಓದಲು ಹೇಳಿದರು. ಓದಿದ್ದೆ, ಅದು ಹಳೆಯ ಆವೃತ್ತಿಯದು. ಮೂರನೆಯವರು, ಇದು ಎಲ್ಲರ ಸ್ವತ್ತು, ದೂರುವ ಬದಲು ನೀವೇ ಸರಿಪಡಿಸಿ ಕಳಿಸಿ ಎಂದರು. ಎಪ್ಪತ್ತೆರಡು ವರ್ಷದ ಟೈಪಿಂಗ್ ಮಾಸ್ತರ ಗುರುವಾರದೊಳಗೆ! ಸಂಜೆಯ ಹೊತ್ತಿಗೆ ಮುಖ್ಯಸ್ಥರಲ್ಲಿ ಒಬ್ಬರು ಬಂದು ಎರಡು ಪದ ಬರೆದರು, ಎಡ್ಜ್ ಕೇಸ್. ದೂರಿನ ಮೇಲೆ ಮುಚ್ಚಲಾಗಿದೆ ಎಂದು ಮುದ್ರೆ ಬಿತ್ತು.

ಅವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿಯುತ್ತಾರೆಂದು ನನಗೆ ಗೊತ್ತಿದೆ. ಬೋರ್ಡಿಂಗಿನಲ್ಲಿ ನಮಗೆ ರೊಟ್ಟಿ ಹಾಕುತ್ತಿದ್ದವರೂ ಪುಕ್ಕಟೆಯೇ ಹಾಕುತ್ತಿದ್ದರು. ನಾವು ಉಂಡದ್ದರ ಋಣ ಮರೆತಿಲ್ಲ. ಆದರೆ ಪುಕ್ಕಟೆ ಊಟದ ಮನೆಯ ಬಾಗಿಲನ್ನೂ ಯಾರದೋ ಮುಖದ ಮೇಲೆಯೇ ಹಾಕಬೇಕಾಗುತ್ತದೆ, ಮತ್ತು ಹಾಕುವವನಿಗೆ ಆ ಮುಖ ಕಾಣುತ್ತಿರುತ್ತದೆ. ಇವರಿಗೆ ಮುಖವೂ ಕಾಣುವುದಿಲ್ಲ. ಅಷ್ಟೇ ವ್ಯತ್ಯಾಸ.

ನಾನು ಮೇಜು ಗುದ್ದಿದ ಸದ್ದಿಗೆ ಶಕುಂತಲಾ ಬಂದಳು. “ಎಡ್ಜ್ ಕೇಸ್ ಅಂದ್ರ ಏನ್ರೀ ಅದು?”

“ದಡಿ ಕಡೀ ಮಂದಿ ಅಂತ. ನಡುವಿನವರಿಗೆಲ್ಲಾ ಸರಿ ಐತಿ, ದಡಿಗಿದ್ದವರು ಒಬ್ಬಿಬ್ಬರು, ಅವರನ್ನ ಆಮ್ಯಾಲ ನೋಡೂಣು ಅಂತ.”

ನಮ್ಮ ಕಡೆ ಸೀರೆಯ ಅಂಚಿಗೆ ದಡಿ ಎನ್ನುತ್ತೇವೆ. ಶಕುಂತಲಾ ಇಳಕಲ್ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ. ಸೆರಗನ್ನು ಹಿಡಿದು ನೋಡಿಕೊಂಡಳು. “ದಡಿ ಇಲ್ಲದ ಸೀರಿ ಒಂದು ಕಳಿಸಿಕೊಡ್ರಿ ಅವರಿಗೆ. ಎರಡು ಸರ್ತಿ ಒಗದು ನೋಡ್ಲಿ. ನಡುವಿಂದು ಎಷ್ಟು ಉಳೀತದ ತಿಳೀತದ” ಎಂದಳು. ಈ ವಾಕ್ಯವನ್ನು ನಾನು ಇಂಗ್ಲಿಷಿಗೆ ತಿರುಗಿಸಿ ವೇದಿಕೆಯಲ್ಲಿ ಹಾಕಿದೆ. ವಿಷಯಕ್ಕೆ ಸಂಬಂಧವಿಲ್ಲವೆಂದು ಅಳಿಸಿದರು.

ಬುಧವಾರ ನಾನೇ ಬಬಲೇಶ್ವರದ ಬಸ್ಸು ಹತ್ತಿದೆ. ಬಳಗದ ಎಲ್ಲರಿಗೂ ಫೋನು ಮಾಡಿ ಹಳೆಯ ಆವೃತ್ತಿ ಇದೆಯೇ ಎಂದು ಕೇಳಿ ಆಗಿತ್ತು. ಎಲ್ಲರೂ ನನ್ನ ಶಿಷ್ಯರು, ಎಲ್ಲರೂ ಎಸೆದಿದ್ದರು. ಈರಪ್ಪನೊಬ್ಬನನ್ನು ಮಾತ್ರ ಕೇಳಲಿಲ್ಲ. ಶಿಸ್ತಿಲ್ಲದವನ ಹತ್ತಿರ ಏನಿದ್ದೀತು?

ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕೂತೆವು. “ನೀವು ಹೇಳ್ರಿ, ನಾ ಬರೀತೇನಿ. ಹತ್ತು ಮಿನಿಟಿನ ಕೆಲಸ” ಎಂದೆ.

“ಬ್ಯಾಡ್ರಿ ಸರ್. ಕರಾರು ಅವರದಷ್ಟ ಅಲ್ಲ, ನಂದೂ ಐತಿ. ನೀವು ಪುಟ ತಗದು ಕೊಡ್ರಿ, ನಾನ ಹೊಡಿತೇನಿ. ಮುಗದ ಮ್ಯಾಲ ಓದಿ ಹೇಳ್ರಿ. ತಗಡಪ್ಪನ ಕೆಲಸ ಇವತ್ತ ನಿಮ್ಮದು.”

ಮಾತಿಲ್ಲದ ಯಂತ್ರದ ಮೇಲೆ ಅವರ ಬೆರಳು ಓಡಿದವು. ನಾನು ಕಲಿಸಿದ ಕೈ, ತಾಳ ತಪ್ಪದ ಕೈ. ಮನಸ್ಸಿನಲ್ಲೇ ಬೀಗಿದೆ. ಆದರೆ ಅವರ ಎಡಗಡೆಯ ಶಿಫ್ಟ್ ಕೀಲಿ ಸವೆದುಹೋಗಿತ್ತು. ಆ ಕೀಲಿ ಒತ್ತಿದರೆ ಳ, ಒತ್ತದಿದ್ದರೆ ಲ; ಒತ್ತಿದರೆ ಣ, ಇಲ್ಲದಿದ್ದರೆ ನ. ಅದು ಆಗಾಗ ಕೈಕೊಡುತ್ತಿತ್ತು. ಬೇರೆ ದಿನವಾದರೆ ತಗಡಪ್ಪ ತಕ್ಷಣ ಕೂಗುತ್ತಿದ್ದ, ಅವರು ಅಳಿಸಿ ಮತ್ತೆ ಹೊಡೆಯುತ್ತಿದ್ದರು. ಇವತ್ತು ಕೂಗುವವರಿಲ್ಲ.

ಮುಗಿದ ಮೇಲೆ ನಾನು ಓದತೊಡಗಿದೆ. ಬಾಳೆ ಎಂಬುದು ಬಾಲೆ ಆಗಿತ್ತು, ಕಣ ಎಂಬುದು ಕನ. ಇಂಥವು ನಾಲ್ಕು ಸಿಕ್ಕವು. ನಾನು ಏನು ಮಾಡಿದೆನೆಂದರೆ, ಬಾಯಲ್ಲಿ ಸರಿಯಾದ ಪದ ಓದುತ್ತ, ಕೈಯಲ್ಲಿ ಸದ್ದಿಲ್ಲದೆ ತಿದ್ದಿಬಿಟ್ಟೆ. ಬೆಳಿಗ್ಗೆಯಿಂದ ದಣಿದಿದ್ದಾರೆ, ನಾಲ್ಕು ತಪ್ಪು ಎಣಿಸಿ ಹೇಳಿ ಮನಸ್ಸು ಏಕೆ ನೋಯಿಸಬೇಕು ಎಂದುಕೊಂಡೆ. ಮೂವತ್ತು ವರ್ಷ ಒಂದು ತಪ್ಪಿಗೆ ಹತ್ತು ಪುಟ ಮತ್ತೆ ಹೊಡೆಸಿದ ಮಾಸ್ತರನಿಗೆ ಅವತ್ತು ಎಲ್ಲಿಲ್ಲದ ಕರುಣೆ ಉಕ್ಕಿತು.

“ಒಂದೂ ತಪ್ಪಿಲ್ಲೇನ್ರಿ ಸರ್?”

“ಒಂದೂ ಇಲ್ಲ.”

ಅವರ ಮುಖ ಅರಳಿತು. ಗುರುವಾರ ಪತ್ರಿಕೆ ಹೋಯಿತು, ಹೆಡ್‌ಮಾಸ್ತರರು ಓದಿ ಸಹಿ ಹಾಕಿದರು, ಪ್ರತಿ ತೆಗೆಸಿದರು, ಶನಿವಾರ ಪರೀಕ್ಷೆಯೂ ಮುಗಿಯಿತು. ನಾನು ಸುಖವಾಗಿ ನಿದ್ದೆ ಮಾಡಿದೆ.

ಭಾನುವಾರ ಏಳು ಐವತ್ತಕ್ಕೆ ಈರಪ್ಪ ಬಂದ. ವಾರದ ಕಥೆ ಕೇಳಿ ಹುಬ್ಬೇರಿಸಿದ. “ಹಳೇದು ಬೇಕೇನ್ರಿ? ನನ್ನ ಕಡೆ ಐತಲ್ರೀ” ಎಂದು ಚೀಲದಿಂದ ಒಣದ್ರಾಕ್ಷಿಯ ಡಬ್ಬಿ ತೆಗೆದ. ಅದರೊಳಗೆ ಕೈ ಹಾಕಿ ಕಲಕಿದ. ಅಂಟು ಮೆತ್ತಿದ ಐದಾರು ಪೆನ್‌ಡ್ರೈವ್ ಬಂದವು. “ಇದಲ್ಲ… ಇದು ನಮ್ಮ ಅಳಿಯನ ಲಗ್ನದ ಫೋಟೋ… ಹಾಂ, ಇದು. ನಾ ಏನೂ ಒಗಿಯೂದಿಲ್ಲ ಮಾಸ್ತರ. ಫೋನ್ ಮಾಡಿದ್ರ ಸೋಮವಾರನ ತರತಿದ್ನಿ.”

“ಫೋನ್ ಮಾಡಬೇಕಿತ್ತು” ಎಂದೆ. ಇಷ್ಟು ಹೇಳಲು ನನಗೆ ಬಹಳ ಕಷ್ಟವಾಯಿತು.

“ನಿಮ್ಮ ಶಿಸ್ತಿಗಿಂತ ನನ್ನ ಗಲೀಜ ಚಲೋ ಅಲ್ರಿ ಹಂಗಾರ?”

ಪೆನ್‌ಡ್ರೈವನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಹತ್ತು ಗಂಟೆಯ ಹೊತ್ತಿಗೆ ಹಳೆಯ ಆವೃತ್ತಿ ಕೂತಿತು. ಸುಜಾತಾ ಒಂದು ಕೀಲಿ ಒತ್ತಿದರು. ತಗಡು ದನಿ ಕೋಣೆಯಲ್ಲೆಲ್ಲ ಬಡಿಯಿತು. ಬಳಗ ಚಪ್ಪಾಳೆ ತಟ್ಟಿತು. ಅವರು ಮೊದಲು ತೆರೆದದ್ದು ಪ್ರಶ್ನೆಪತ್ರಿಕೆಯನ್ನು. ಬರೆದದ್ದನ್ನು ಅದರ ಬಾಯಲ್ಲಿ ಕೇಳದ ಹೊರತು ಅವರಿಗೆ ಬರೆದಂತಾಗುವುದಿಲ್ಲ. ತಗಡಪ್ಪ ಒಂದೊಂದೇ ಪ್ರಶ್ನೆ ಓದುತ್ತ ಕೊನೆಗೆ ಬಂದ: “ಎಂಟು. ನಿಮ್ಮ ಹಲ್ಲಿಯ ಬಗ್ಗೆ ಹತ್ತು ವಾಕ್ಯ ಬರೆಯಿರಿ.”

ಈರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಪ್ಪಾ! ನಮ್ಮ ಹಲ್ಲಿ ಬಗ್ಗೆ ಹತ್ತೇನ್ರಿ, ಇಪ್ಪತ್ತು ಬರದೇನು!”

ಸುಜಾತಾ ನಗಲಿಲ್ಲ. ಆ ಸಾಲನ್ನು ಮತ್ತೊಮ್ಮೆ ಓದಿಸಿದರು. ಹಲ್ಲಿಯ. ಹಳ್ಳಿಯ ಅಲ್ಲ. ನನ್ನ ಕಡೆ ತಿರುಗಿದರು. “ಸರ್, ನೀವು ಹಳ್ಳಿ ಅಂತ ಓದಿದ್ರಿ.”

“ಅಲ್ಲಿ ಹಳ್ಳಿನೇ ಇರಬೇಕಾಗಿತ್ತಲ್ರೀ, ಕಣ್ಣು ಹಂಗ ಓದಿಬಿಡ್ತು. ಉಳಿದ ನಾಕು…” ಎಂದು ನಾಲಿಗೆ ಕಚ್ಚಿಕೊಂಡೆ.

“ಉಳಿದ ನಾಕು?”

ಹೇಳಿದೆ. ಅವರು ಕೂಗಾಡಲಿಲ್ಲ. ನನ್ನ ಸಿಟ್ಟು ಮೇಜು ಗುದ್ದುವ ಸಿಟ್ಟು, ಅವರದು ಹಾಗಲ್ಲ. “ಒಂದು ತಪ್ಪು ಹೇಳಿದ್ರೂ ಶಿಫ್ಟ್ ಕೈಕೊಡಾಕತ್ತೈತಿ ಅಂತ ನನಗ ಗೊತ್ತಾಗತಿತ್ತು. ಎಲ್ಲಾ ಮತ್ತ ಹೊಡೀತಿದ್ದೆ. ನೀವು ನಾಕು ಮುಚ್ಚಿದ್ರಿ, ಐದನೇದು ಪರೀಕ್ಷಾಕ್ಕ ಹೋತು. ಸರ್, ತಗಡಪ್ಪ ನನಗ ಯಾಕ ಬೇಕು ಗೊತ್ತೇನ್ರಿ? ಅವನಿಗೆ ನನ್ನ ಮ್ಯಾಲ ಪಾಪ ಅನಸೂದಿಲ್ಲ.”

ವೇದಿಕೆಯವರ ಮೇಲೆ ಒಂದು ವಾರದಿಂದ ಕುದಿಯುತ್ತಿದ್ದ ನನಗೆ, ಅವರು ಬರೆದ “ನನ್ನಲ್ಲಿ ಸರಿಯಾಗಿ ನಡೆಯುತ್ತಿದೆ” ಎಂಬ ವಾಕ್ಯಕ್ಕೂ ನಾನು ಹೇಳಿದ “ಒಂದೂ ಇಲ್ಲ” ಎಂಬುದಕ್ಕೂ ಏನು ವ್ಯತ್ಯಾಸವೆಂದು ತಕ್ಷಣ ತೋಚಲಿಲ್ಲ. ಇವತ್ತಿಗೂ ಹುಡುಕುತ್ತಿದ್ದೇನೆ. ಸಿಕ್ಕಿಲ್ಲವೆಂಬುದೇ ಸಿಟ್ಟಿಗೆ ಇನ್ನೊಂದು ಕಾರಣ.

ಸೋಮವಾರ ಅವರೊಂದಿಗೆ ನಾನೂ ಶಾಲೆಗೆ ಹೋದೆ. ತಪ್ಪನ್ನು ಹೆಡ್‌ಮಾಸ್ತರರು ಇನ್ನೂ ಕಂಡಿರಲಿಲ್ಲ. ಸುಮ್ಮನಿದ್ದುಬಿಡಿ ಎಂದು ದಾರಿಯಲ್ಲಿ ಹೇಳಿದ್ದೆ, ಅವರು ಒಪ್ಪಲಿಲ್ಲ. ನೇರ ಹೋಗಿ, ಎಂಟನೆಯ ಪ್ರಶ್ನೆಯಲ್ಲಿ ತಪ್ಪಾಗಿದೆ, ನನ್ನದೇ ತಪ್ಪು ಎಂದರು. ನಾನು ನಡುವೆ ಬಾಯಿ ಹಾಕಿ ನನ್ನ ಪಾಲನ್ನು ಹೇಳಿದೆ. ಹೆಡ್‌ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

“ನೋಡ್ರಿ ಸುಜಾತಾ ಬಾಯಾರ, ನಾ ಮೊದಲ ಹೇಳಿದ್ದೆ. ನಿಮಗ ಸುಮ್ಮ ತ್ರಾಸ. ಆ ಪ್ರಶ್ನಾ ರದ್ದು ಮಾಡಿ ಎಲ್ಲಾರಿಗೂ ಪೂರಾ ಅಂಕ ಕೊಡೂಣು. ಮುಂದಿನ ವಾರದಿಂದ ನೀವು ಗ್ರಂಥಾಲಯ ನೋಡಿಕೊಳ್ರಿ. ಏಳನೇತ್ತೆ ಬ್ಯಾರೇದವರಿಗೆ ಕೊಡ್ತೇನಿ.”

“ಪತ್ರಿಕಾ ಕೆಳಗ ಸಹಿ ಯಾರದ್ರೀ ಸರ್?” ಎಂದರು ಸುಜಾತಾ.

ಹೆಡ್‌ಮಾಸ್ತರರು ಪ್ರತಿಯನ್ನು ತೆಗೆದು ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ‘ಓದಿ ಪರಿಶೀಲಿಸಿದೆ’ ಎಂದು ಮುದ್ರೆ, ಅದರ ಮೇಲೆ ಅವರದೇ ಸಹಿ.

“ಕಣ್ಣಿದ್ದವರು ಇಬ್ಬರು ಓದಿ ಬಿಟ್ಟೀರಿ. ಪರೀಕ್ಷಾದಾಗ ನಿಂತಿದ್ದವರು ಮೂರನೇದವರು. ಗ್ರಂಥಾಲಯದಾಗ ನಾಕು ಕುರ್ಚಿ ಹಾಕಸ್ರಿ ಸರ್, ಎಲ್ಲಾರೂ ಕೂಡೂಣು. ಇಲ್ಲಾಂದ್ರ ಪತ್ರಿಕಾ ತಿದ್ದಾಕ ಬಿಡ್ರಿ.”

ಹೆಡ್‌ಮಾಸ್ತರರು ಪ್ರತಿಯನ್ನು ಮಡಚಿ ಮೇಜಿನ ಖಾನೆಗೆ ಹಾಕಿದರು. ಅವರೇನು ಕೆಟ್ಟವರಲ್ಲ. ಬಾಗಿಲು ಹಾಕುವ ಕೆಲಸ ಯಾರಾದರೂ ಮಾಡಬೇಕಲ್ಲ ಎಂದು ನಂಬಿದವರು. ಅಂಥವರನ್ನು ನಾನು ಬಲ್ಲೆ. “ಏಳನೇತ್ತೆ ಇಟ್ಟುಕೊಳ್ರಿ, ಆದ್ರ ಇನ್ನೊಮ್ಮೆ ಹಿಂಗ ಆಗಬಾರದು” ಎಂದರು. “ಮತ್ತ ಆತಂದ್ರ ಇಬ್ಬರೂ ಕೂಡಿ ನೋಡಿಕೊಳ್ಳೂಣ್ರಿ” ಎಂದರು ಸುಜಾತಾ. ಉತ್ತರ ಪತ್ರಿಕೆಗಳ ಕಟ್ಟನ್ನು ನನ್ನ ಕೈಗೆ ಕೊಟ್ಟು ತರಗತಿಯ ಕಡೆ ನಡೆದರು.

ಮಕ್ಕಳ ಕೈಬರಹ ತಗಡಪ್ಪನಿಗೆ ಬಾರದು. ಅದನ್ನು ಯಾರಾದರೂ ಮನುಷ್ಯರೇ ಓದಿ ಹೇಳಬೇಕು. ಸಾಮಾನ್ಯವಾಗಿ ಸಹೋದ್ಯೋಗಿಯೊಬ್ಬರು ಓದುತ್ತಿದ್ದರಂತೆ. ಅವತ್ತು ಸುಜಾತಾ ನನಗೆ ಹೇಳಿದರು, “ಇದ್ದದ್ದು ಇದ್ದಂಗ ಓದ್ರಿ ಸರ್. ಒಂದು ಕೊಂಬು ಹೆಚ್ಚಾಗಿದ್ರ ಹೆಚ್ಚ ಓದ್ರಿ.”

ಓದಿದೆ. ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಮೊದಲ ಪತ್ರಿಕೆ: “ನಮ್ಮ ಹಲ್ಲಿ ಬಬಲೇಶ್ವರದಿಂದ ಆರು ಕಿಲೋಮೀಟರ್ ದೂರದಲ್ಲಿದೆ. ನಮ್ಮ ಹಲ್ಲಿಯಲ್ಲಿ ಎರಡು ಗುಡಿ ಮತ್ತು ಒಂದು ನೀರಿನ ಟಾಕಿ ಇದೆ. ನಮ್ಮ ಹಲ್ಲಿಯ ಜನರು ಜೋಳ ಬೆಳೆಯುತ್ತಾರೆ.” ಪ್ರಶ್ನೆಯಲ್ಲಿ ಹೇಗಿದೆಯೋ ಹಾಗೆ ಬರೆಯಬೇಕೆಂದು ಮಕ್ಕಳು ತಿಳಿದಿದ್ದರು. ಇನ್ನೊಬ್ಬನು ನಿಜವಾಗಿ ಹಲ್ಲಿಯ ಬಗ್ಗೆಯೇ ಬರೆದಿದ್ದ: “ನಮ್ಮ ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಇರುತ್ತದೆ. ಅವ್ವ ಅದಕ್ಕೆ ಬಯ್ಯುತ್ತಾಳೆ. ಅದು ಬಾಲ ಬಿಟ್ಟು ಹೋಗುತ್ತದೆ.” ಸುಜಾತಾ ಅವನಿಗೆ ಹತ್ತಕ್ಕೆ ಒಂಬತ್ತು ಕೊಡಿಸಿದರು. ಟಾಕಿಯ ಹಲ್ಲಿಗಳಿಗೂ ಅಂಕ ಸಿಕ್ಕಿತು. “ಪ್ರಶ್ನಾ ರದ್ದು ಮಾಡೂದಿಲ್ಲ. ನಾ ಕೇಳೇನಿ, ಅವರು ಹೇಳ್ಯಾರ” ಎಂದರು. ಪ್ರತಿ ಸಲ ಹಲ್ಲಿ ಬಂದಾಗ ನನ್ನ ನಾಲಿಗೆ ಹಳ್ಳಿಯ ಕಡೆ ಜಾರುತ್ತಿತ್ತು, ಹಿಡಿದು ತರುತ್ತಿದ್ದೆ.

ಕೊನೆಯ ಕೆಲವು ಪತ್ರಿಕೆಗಳಲ್ಲಿ ಒಂದು ಹುಡುಗಿಯದು. ಅವಳು ಪ್ರಶ್ನೆಪತ್ರಿಕೆಯನ್ನೂ ಉತ್ತರಕ್ಕೆ ಸೇರಿಸಿ ಪಿನ್ನು ಹಾಕಿದ್ದಳು. ಎಂಟನೆಯ ಪ್ರಶ್ನೆಯ ಆ ಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿದ್ದಳು. ಇದ್ದದ್ದನ್ನು ಇದ್ದ ಹಾಗೆ ಓದಿದೆ: “ಟೀಚರ್, ಇಲ್ಲಿ ನಿಮ್ಮದು ತಪ್ಪಾಗಿದೆ. ಳ ಆಗಬೇಕು.”

ಸುಜಾತಾ ಕೈ ಚಾಚಿದರು. ಪತ್ರಿಕೆ ಕೊಟ್ಟೆ. ಪೆನ್ಸಿಲಿನ ಗೆರೆ ಬೆರಳಿಗೆ ಸಿಗುವಂಥದಲ್ಲ, ಆದರೂ ಆ ಜಾಗದ ಮೇಲೆ ಒಮ್ಮೆ ಬೆರಳಾಡಿಸಿದರು.

“ಇನ್ನೊಮ್ಮೆ ಓದ್ರಿ ಸರ್.”

ಓದಿದೆ.

“ಇಷ್ಟ ಸಾಕಾಗಿತ್ತು ನೋಡ್ರಿ ನನಗ, ಬುಧವಾರ” ಎಂದರು.